ಪಂಚಾಯತು ಪ್ಲಾನಿನಲ್ಲಿ ನೀರಿನ ಪರೀಕ್ಷೆಗೊಂದು ಪ್ರಾಜೆಕ್ಟ್: ಕಾಸರಗೋಡಿನ ಎಣ್ಮಕಜೆ, ಪುತ್ತಿಗೆ, ಬದಿಯಡ್ಕ ಕಡೆಯವರು ಎಂತ ಹೇಳುತ್ತೀರಿ?

ಪದವಿನ ಮನೆ:

ಮುಂದಿನ ವರ್ಷದ ಪ್ಲಾನಿಗೆ ಗ್ರಾಮಸಭೆ ಹತ್ತಿರ ಬಂತು. ನಮ್ಮ ವಾರ್ಡಿನ ಬೇಡಿಕೆ ಪಟ್ಟಿ ಎಲ್ಲರಿಗೂ ಬಾಯಿಪಾಠ. ರಸ್ತೆಗೆ ಕಾಂಕ್ರೀಟು, ಮೋರಿ, ಬೀದಿದೀಪ, ತೋಡಿನ (ಸಣ್ಣ ಹಳ್ಳದ) ಬದಿಗೆ ಕಲ್ಲು ಕಟ್ಟುವುದು. ನೀರಿನ ಹೆಸರಲ್ಲಿ ಬರುವ ದುಡ್ಡೂ ಪೈಪು, ಟ್ಯಾಂಕಿ, ಬೋರ್‌ವೆಲ್ಲು ಅಂತಲೇ ಮುಗಿಯುತ್ತದೆ. ಆ ಪೈಪಿನಲ್ಲಿ ಬರುವ ನೀರು ಕುಡಿಯಲು ಅಡ್ಡಿ ಇಲ್ಲವಾ ಅಂತ ನೋಡುವುದಕ್ಕೆ ಮಾತ್ರ ಯಾರೂ ಏನೂ ಇಡುವುದಿಲ್ಲ.

ದುಡ್ಡಿಲ್ಲ ಅಂದರೆ ನಾನು ಒಪ್ಪುವುದಿಲ್ಲ. 15ನೇ ಹಣಕಾಸು ಆಯೋಗ 2021ರಿಂದ 2026ರ ವರೆಗೆ ಪಂಚಾಯತುಗಳಿಗೆ ಅಂತ ಇಟ್ಟ ಅನುದಾನದಲ್ಲಿ ನೂರಕ್ಕೆ 60 ಪಾಲು ನೀರು ಮತ್ತು ಶುಚಿತ್ವಕ್ಕೇ ಮೀಸಲಿತ್ತು. ಅದರಲ್ಲಿ ಅರ್ಧ, ಅಂದರೆ ನೂರಕ್ಕೆ 30, ಕುಡಿಯುವ ನೀರು ಮತ್ತು ಮಳೆಕೊಯ್ಲಿಗೆ. ಜಲಜೀವನ ಮಿಷನ್ನಿನ ಹಣದಲ್ಲಿ ನೂರಕ್ಕೆ 2ರ ವರೆಗೆ ನೀರಿನ ಗುಣಮಟ್ಟ ನೋಡುವುದಕ್ಕೆಂದೇ ಖರ್ಚು ಮಾಡಬಹುದು ಅಂತ ಮಾರ್ಗಸೂಚಿಯಲ್ಲೇ ಉಂಟು. ರಾಜ್ಯದ ಪ್ಲಾನ್ ಫಂಡು ಬೇರೆ.

ಗ್ರಾಮಸಭೆಯಲ್ಲಿ ಎರಡು ವಿಷಯ ಕೇಳಬೇಕು ಅಂತ ಇದ್ದೇನೆ. ಪ್ರತಿ ವಾರ್ಡಿನಲ್ಲಿ ಕೆಲವು ಬಾವಿ, ಸುರಂಗ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದದ್ದು), ತೋಡು ಗೊತ್ತು ಮಾಡಿ ವರ್ಷಕ್ಕೆ ಎರಡು ಸಲ ಪರೀಕ್ಷೆ ಮಾಡಿಸಬೇಕು. ಮಳೆಗೆ ಮೊದಲು ಒಂದು, ಮಳೆ ನಿಂತ ಮೇಲೆ ಒಂದು. ವರ್ಷ ವರ್ಷವೂ ಅದೇ ಜಾಗ. ಇನ್ನೊಂದು, ನೀರಿನ ಕೆಲಸಗಳನ್ನು ವಾರ್ಡಿಗೆ ಇಷ್ಟು ಅಂತ ಹಂಚುವುದು ಬಿಟ್ಟು ತೋಡಿನ ಪ್ರಕಾರ ಯೋಚನೆ ಮಾಡಬೇಕು. ನಮ್ಮ ಮನೆ ಹಿಂದಿನ ತೋಡು ಮೂರು ವಾರ್ಡು ದಾಟಿ ಹೊಳೆಗೆ ಸೇರುತ್ತದೆ. ಮೂರು ಮೆಂಬರುಗಳು ಮೂರು ಕಡೆ ಕಟ್ಟ (ನೀರು ತಡೆಯುವ ಒಡ್ಡು) ಹಾಕಿಸುತ್ತಾರೆ. ಒಬ್ಬರದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ.

ಬರೆಯಿರಿ. ಬೈದರೂ ಅಡ್ಡಿಯಿಲ್ಲ.

ಅಡಿಕೆ ಭಾವ:

ಬೈಯುವುದಿಲ್ಲ, ಕೇಳುತ್ತೇನೆ. ಪರೀಕ್ಷೆ ಮಾಡಿ ಮತ್ತೆ ಎಂತ? ನಮ್ಮಷ್ಟು ಪರೀಕ್ಷೆ ಆದ ಊರು ಬೇರೆ ಯಾವುದುಂಟು ಮಾರಾಯ್ರೇ? ಎಂಡೋಸಲ್ಫಾನ್ ಕೀಟನಾಶಕದ ಗಲಾಟೆಯಲ್ಲಿ ನಮ್ಮ ಪಡ್ರೆಯಲ್ಲಿ ನೀರು ತೆಗೆದರು, ಮಣ್ಣು ತೆಗೆದರು, ರಕ್ತ ತೆಗೆದರು. ಬಂದವರೆಲ್ಲ ಬಾಟಲಿ ತುಂಬಿಸಿಕೊಂಡು ಹೋದರು. ಪರಿಹಾರಕ್ಕೆ ಸುಪ್ರೀಂ ಕೋರ್ಟಿಗೇ ಹೋಗಬೇಕಾಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂತ ಆದೇಶ ಬಂತು. ಆಮೇಲೂ ಎಷ್ಟೋ ಜನ ವರ್ಷಗಟ್ಟಲೆ ಕಾದರು. ಕಾಗದದಲ್ಲಿ ಅಂಕೆ ಬರೆದಿಟ್ಟರೆ ನೀರು ಶುದ್ಧ ಆಗುತ್ತದಾ?

ಸುರಂಗದ ನೀರು:

ಭಾವಾ, ಪಡ್ರೆಯ ಕಥೆ ಗೊತ್ತಿರುವುದಕ್ಕೇ ನನಗೆ ಪರೀಕ್ಷೆ ಬೇಕು ಅನ್ನಿಸುವುದು. ಗೇರು ತೋಟಗಳ ಮೇಲೆ ಆ ವಿಷ ಸಿಂಪಡಿಸಲು ಹೆಲಿಕಾಪ್ಟರ್ ಹಾರಿದ್ದು 1970ರ ದಶಕದ ಕೊನೆಯಿಂದ 2000ದ ವರೆಗೆ. ಇಪ್ಪತ್ತು ವರ್ಷಕ್ಕೂ ಜಾಸ್ತಿ. ಅಷ್ಟೂ ಕಾಲ ನಮ್ಮ ಸುರಂಗ, ತೋಡುಗಳ ನೀರನ್ನು ವರ್ಷ ವರ್ಷ ನೋಡಿ ಬರೆದಿಟ್ಟ ಲೆಕ್ಕ ಊರಿನ ಕೈಯಲ್ಲಿ ಇರಲಿಲ್ಲ. 2001ರಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಪಡ್ರೆಯ ಮಾದರಿಗಳಲ್ಲಿ ಎಂಡೋಸಲ್ಫಾನ್ ಇದೆ ಅಂತ ಹೇಳಿತು. ಇನ್ನೊಂದು ಸಂಸ್ಥೆ ಹಾಗೇನಿಲ್ಲ ಅಂತು. ಮತ್ತೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದರು. ಆಮೇಲೆ ದುಬೆ ಸಮಿತಿ, ಮಾಯಿ ಸಮಿತಿ. ಯಾರ ಲ್ಯಾಬು ಸರಿ ಅನ್ನುವ ಜಗಳದಲ್ಲೇ ವರ್ಷಗಳು ಕಳೆದವು. ದೇಶವಿಡೀ ನಿಷೇಧ ಆಗಲು 2011 ಬರಬೇಕಾಯಿತು.

ಸಿಂಪಡಣೆಗೆ ಮೊದಲು ನೀರು ಹೀಗಿತ್ತು, ಐದು ವರ್ಷ ಆದ ಮೇಲೆ ಹೀಗಾಯಿತು ಅಂತ ತೋರಿಸುವ ಒಂದು ಪುಸ್ತಕ ಪಂಚಾಯತಿನ ಕಪಾಟಿನಲ್ಲಿ ಇದ್ದಿದ್ದರೆ ವಾದ ಅಷ್ಟು ಉದ್ದ ಎಳೆಯಲು ಆಗುತ್ತಿತ್ತಾ? ಉಳಿದ ವಿಷವನ್ನು ಮಿಂಚಿಪದವಿನ ಬಾವಿಯಲ್ಲಿ ಹೂತಿದ್ದಾರೆ ಅನ್ನುವ ದೂರು ರಾಷ್ಟ್ರೀಯ ಹಸಿರು ನ್ಯಾಯಪೀಠದ ವರೆಗೆ ಹೋಯಿತಲ್ಲ, ಅಲ್ಲಿಯೂ ಹೊರಗಿನಿಂದ ಬಂದವರೇ ಮಾದರಿ ತೆಗೆಯಬೇಕಾಯಿತು.

ಅಡಿಕೆ ಭಾವ:

ಅದು ಒಪ್ಪಿದೆ. ಪುಸ್ತಕ ಯಾರ ಕಪಾಟಿನಲ್ಲಿ ಇರುತ್ತದೆ ಅನ್ನುವುದೂ ಒಂದು ಪ್ರಶ್ನೆ. ಆ ಮಾತು ಮತ್ತೆ ಆಡುತ್ತೇನೆ.

ಕೆಮಿಸ್ಟ್ರಿ ಮಾಷ್ಟ್ರು:

ನಾನು ಹೈಯರ್ ಸೆಕೆಂಡರಿಯಲ್ಲಿ ಪಾಠ ಮಾಡುವವ. ನೀರಿನ ಪರೀಕ್ಷೆ ಅಂದ ಕೂಡಲೇ ಎಲ್ಲರೂ ಉದ್ದದ ಪಟ್ಟಿ ಹಿಡಿದು ಬರುತ್ತಾರೆ. ಫ್ಲೋರೈಡ್ ನೋಡಿ, ಆರ್ಸೆನಿಕ್ ನೋಡಿ ಅಂತ. ಕೇರಳದಲ್ಲಿ ಫ್ಲೋರೈಡಿನ ತೊಂದರೆ ಮುಖ್ಯವಾಗಿ ಪಾಲಕ್ಕಾಡು, ಆಲಪ್ಪುಳದ ಕಡೆ. ನಾವು ಒಂದು ಸಲ ನೋಡಿ ಬಿಟ್ಟರೆ ಸಾಕು. ಮುರಕಲ್ಲಿನ (ಜಂಬಿಟ್ಟಿಗೆಯ) ಊರಿಗೆ ಬೇಕಾದ್ದು ಬೇರೆ.

ಎಲ್ಲಕ್ಕಿಂತ ಮೊದಲು ಇ. ಕೋಲಿ, ಅಂದರೆ ಮಲದಿಂದ ನೀರಿಗೆ ಸೇರುವ ಬ್ಯಾಕ್ಟೀರಿಯಾ. ಕುಡಿಯುವ ನೀರಿನ ಭಾರತೀಯ ಮಾನಕ, ಅಂದರೆ ಐಎಸ್ 10500, ಅದರ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಒಂದು ಕೂಡ ಸಿಗಬಾರದು. ನಮ್ಮಲ್ಲಿ ಮನೆಗೊಂದು ಬಾವಿ, ಮನೆಗೊಂದು ಕಕ್ಕಸು ಗುಂಡಿ. ಕೇರಳದ ಪಂಚಾಯತು ಕಟ್ಟಡ ನಿಯಮದಲ್ಲಿ ಬಾವಿಯಿಂದ ಗುಂಡಿಗೆ 7.5 ಮೀಟರ್ ದೂರ ಇದ್ದರೆ ಆಯಿತು. ಬೇರೆ ಕಡೆಗಳಲ್ಲಿ ಸಾಮಾನ್ಯವಾಗಿ ಹೇಳುವುದು 15 ಮೀಟರ್. ಮುರಕಲ್ಲು ಅಂದರೆ ಒಳಗೆಲ್ಲ ತೂತು. ಜುಲೈಯಲ್ಲಿ ಬಾವಿಯ ನೀರು ಕೈಗೆ ಸಿಗುವಷ್ಟು ಮೇಲೆ ಬಂದಾಗ ಆ 7.5 ಮೀಟರ್ ಯಾವ ಲೆಕ್ಕ? ಅದೂ ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿದಲ್ಲಿ ನಮ್ಮ ಗುಂಡಿ ದೂರ ಇದ್ದರೂ ಪಕ್ಕದ ಮನೆಯದ್ದು ಹತ್ತಿರವೇ ಇರುತ್ತದೆ.

ಇನ್ನು ಪಿಎಚ್, ಅಂದರೆ ನೀರಿನ ಹುಳಿಯ ಅಳತೆ. 6.5ರಿಂದ 8.5ರ ಒಳಗೆ ಇರಬೇಕು. ಇಲ್ಲಿನ ನೀರು 6.5ಕ್ಕಿಂತ ಕೆಳಗೆ ಇರುವುದು ಮಾಮೂಲು. ಹುಳಿ ಜಾಸ್ತಿ ಇರುವ ನೀರು ಲೋಹದ ಪೈಪನ್ನು ತಿನ್ನುತ್ತದೆ. ಆಮೇಲೆ ಕಬ್ಬಿಣ, ನೈಟ್ರೇಟ್. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಕುಂಬಳೆ, ಉಪ್ಪಳದ ಕಡೆಗೆ ಉಪ್ಪಿನ ಅಂಶವೂ ನೋಡಬೇಕು. ಪ್ರತಿ ವರ್ಷಕ್ಕೆ ಇಷ್ಟು ಸಾಕು.

ಕೀಟನಾಶಕದ ಪರೀಕ್ಷೆ ಬೇರೆಯೇ ಸಂಗತಿ. ಅದು ಕಿಟ್ಟಿನಲ್ಲಿ ಗೊತ್ತಾಗುವುದಿಲ್ಲ. ದೊಡ್ಡ ಯಂತ್ರ ಬೇಕು, ಖರ್ಚೂ ಜಾಸ್ತಿ. ಕೆಲವೇ ಜಾಗ ಗೊತ್ತು ಮಾಡಿ ಮೂರು ನಾಲ್ಕು ವರ್ಷಕ್ಕೊಮ್ಮೆ ಮಾಡಿಸಬಹುದು. ಕೋಯಿಕ್ಕೋಡಿನ ಸಿಡಬ್ಲ್ಯುಆರ್‌ಡಿಎಂ 1978ರಿಂದ ನೀರಿನ ಕೆಲಸಕ್ಕಾಗಿಯೇ ಇರುವ ಸಂಸ್ಥೆ. ಅವರನ್ನು ಕೇಳಬೇಕು.

ಇನ್ನೊಂದು ಮಾತು. ಹರಿತ ಕೇರಳ ಮಿಷನ್ ಶಾಸಕರ ನಿಧಿ ಬಳಸಿ ಹೈಯರ್ ಸೆಕೆಂಡರಿ ಶಾಲೆಗಳ ಕೆಮಿಸ್ಟ್ರಿ ಲ್ಯಾಬಿನಲ್ಲೇ ನೀರಿನ ಪ್ರಾಥಮಿಕ ಪರೀಕ್ಷೆಗೆ ವ್ಯವಸ್ಥೆ ಮಾಡಿತ್ತು. ಒಳ್ಳೆಯ ಯೋಚನೆ. ಆದರೆ ಶಾಸಕರ ನಿಧಿಯಿಂದ ಉಪಕರಣ ಬರುತ್ತದೆ, ಪ್ರತಿ ವರ್ಷದ ಕೆಮಿಕಲ್ ಬರುವುದಿಲ್ಲ. ಪಂಚಾಯತು ಅಷ್ಟನ್ನು ವಹಿಸಿಕೊಂಡರೆ ಮಕ್ಕಳೇ ಮಾಡಿಯಾರು. ಪರೀಕ್ಷೆ ಮಾಡಿದ ಮಗು ಮನೆಗೆ ಹೋಗಿ ಅಜ್ಜನಿಗೆ ನೀರು ಕುದಿಸಿ ಕುಡಿಯಿರಿ ಅಂತ ಜೋರು ಮಾಡುತ್ತದೆ. ಇಲಾಖೆಯವರು ಹೇಳಿದರೆ ಅಜ್ಜ ಕೇಳುವುದಿಲ್ಲ.

ಕುಟುಂಬಶ್ರೀ ಅಕ್ಕ:

ಮಾಷ್ಟ್ರು ಹೇಳಿದ ಕೆಮಿಕಲಿನ ವಿಷಯ ನೂರಕ್ಕೆ ನೂರು ಸರಿ. ಜಲಜೀವನ ಮಿಷನ್ನಿನಲ್ಲಿ ಪ್ರತಿ ಹಳ್ಳಿಗೆ ಐದು ಜನ ಹೆಂಗಸರಿಗೆ ಕಿಟ್ಟು ಬಳಸುವ ತರಬೇತಿ ಕೊಡಬೇಕು ಅಂತ ಉಂಟು. ನಮ್ಮ ಕುಟುಂಬಶ್ರೀ ಮಹಿಳಾ ಸಂಘದವರಿಗೂ ಕೊಟ್ಟರು. ಊಟ ಚೆನ್ನಾಗಿತ್ತು. ಪೆಟ್ಟಿಗೆಯೂ ಸಿಕ್ಕಿತು. ಬಾಟಲಿಗಳ ಅವಧಿ ಮುಗಿದ ಮೇಲೆ ಹೊಸದು ಎಲ್ಲಿಂದ ತರಿಸಬೇಕು ಅಂತ ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು. ಈಗ ಪೆಟ್ಟಿಗೆ ವಾಚನಾಲಯದ ಅಟ್ಟದಲ್ಲಿ ಉಂಟು.

ಅದರಲ್ಲಿ ಸಣ್ಣ ಬಾಟಲಿ ಇರುತ್ತದೆ. ನೀರು ಹಾಕಿ ಒಂದೆರಡು ದಿನ ಬಿಟ್ಟರೆ, ಕೊಳಕು ಸೇರಿದ ನೀರಾದರೆ ಕಪ್ಪಾಗುತ್ತದೆ. ಓದಲು ಬಾರದವರಿಗೂ ಅರ್ಥ ಆಗುತ್ತದೆ. ಒಂದು ಮನೆಯಲ್ಲಿ ಕಪ್ಪಾದದ್ದನ್ನು ತೋರಿಸಿದೆ. ಆ ಅಮ್ಮ ಮರುದಿನವೇ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿದರು. ಅಲ್ಲಿವರೆಗೆ ಆಶಾ ಕಾರ್ಯಕರ್ತೆ ಎಷ್ಟು ಸಲ ಹೇಳಿದ್ದರೂ ವಾಸನೆ ಬರುತ್ತದೆ ಅಂತ ಬೇಡ ಅನ್ನುತ್ತಿದ್ದರು. ಪೌಡರೂ ಸುಮ್ನೆ ಅಂದಾಜಿಗೆ ಸುರಿಯುವುದಲ್ಲ. ಮಾಮೂಲಿ ಕ್ಲೋರಿನೇಶನ್ನಿಗೆ 1000 ಲೀಟರಿಗೆ 2.5 ಗ್ರಾಂ ಅಂತ ಲೆಕ್ಕ. ಬಾವಿಯ ಸುತ್ತು, ನೀರಿನ ಆಳ ಅಳೆದು ಹಾಕಬೇಕು.

ಅಡಿಕೆ ಭಾವನಿಗೆ ಇದೇ ನನ್ನ ಉತ್ತರ. ಅಂಕೆ ಬರೆದಿಟ್ಟರೆ ನೀರು ಶುದ್ಧ ಆಗುವುದಿಲ್ಲ. ಕಪ್ಪು ಬಾಟಲಿ ಕಣ್ಣಿಗೆ ಬಿದ್ದರೆ ಮನುಷ್ಯ ಏನಾದರೂ ಮಾಡುತ್ತಾನೆ.

ಲ್ಯಾಬ್ ಹುಡುಗಿ:

ಮಂಗಳೂರಿನಲ್ಲಿ ಲ್ಯಾಬಿನ ಕೆಲಸ, ಮನೆ ಪೆರ್ಲದ ಹತ್ತಿರ. ಒಂದು ಎಚ್ಚರಿಕೆ. ಹಾಳಾಗುವುದು ಜಾಸ್ತಿ ಲ್ಯಾಬಿನಲ್ಲಿ ಅಲ್ಲ, ಬಾಟಲಿ ತುಂಬಿಸುವಲ್ಲಿ. ಕೋಕಕೋಲಾ ಬಾಟಲಿ ತೊಳೆದು ನೀರು ತರುತ್ತಾರೆ. ಬೆಳಿಗ್ಗೆ ತುಂಬಿಸಿ, ಮದುವೆ ಊಟ ಮುಗಿಸಿ, ಸಂಜೆ ತಂದು ಕೊಡುವವರೂ ಉಂಟು. ಅಷ್ಟು ಹೊತ್ತು ಬಿಸಿಲಲ್ಲಿ ಇದ್ದ ನೀರಿನಲ್ಲಿ ಬ್ಯಾಕ್ಟೀರಿಯಾ ಎಣಿಸಿ ಎಂತ ಪ್ರಯೋಜನ? ಶುದ್ಧ ಮಾಡಿದ ಬಾಟಲಿ ಬೇಕು, ಐಸಿನಲ್ಲಿ ಇಡಬೇಕು, 24 ಗಂಟೆಯ ಒಳಗೆ ಪರೀಕ್ಷೆ ಶುರುವಾಗಬೇಕು. ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಕ್ಲೋರಿನ್ ಹಾಕಿದ ನಲ್ಲಿ ನೀರಾದರೆ ಬಾಟಲಿಗೆ ಸೋಡಿಯಂ ಥಯೋಸಲ್ಫೇಟ್ ಮೊದಲೇ ಹಾಕಿರಬೇಕು. ಇಲ್ಲವಾದರೆ ದಾರಿಯಲ್ಲೇ ಕ್ಲೋರಿನ್ ಕೆಲಸ ಮಾಡುತ್ತಾ ಹೋಗಿ ರಿಪೋರ್ಟು ಚೆಂದ ಬರುತ್ತದೆ.

ಹಾಗಾಗಿ ಪ್ರಾಜೆಕ್ಟಿನಲ್ಲಿ ಬರೇ ಪರೀಕ್ಷೆಯ ಶುಲ್ಕ ಇಡಬೇಡಿ. ಬಾಟಲಿ, ಐಸ್ ಪೆಟ್ಟಿಗೆ, ಗಾಡಿ ಬಾಡಿಗೆ, ತೆಗೆಯುವವರ ಕೂಲಿ ಇದೆಲ್ಲ ಬೇಕು. 17 ವಾರ್ಡು ಅಂತ ಇಟ್ಟುಕೊಳ್ಳಿ. ವಾರ್ಡಿಗೆ 10 ಜಾಗ, ವರ್ಷಕ್ಕೆ 2 ಸಲ, ಒಟ್ಟು 340 ಮಾದರಿ. ಒಂದೇ ದಿನ ತಂದು ಸುರಿದರೆ ಯಾವ ಲ್ಯಾಬೂ ತೆಗೆದುಕೊಳ್ಳುವುದಿಲ್ಲ. ವಾರಕ್ಕೆ ಇಷ್ಟು ಅಂತ ಹಂಚಿಕೊಳ್ಳಬೇಕು.

ತಾರೀಕಿನ ವಿಷಯ ಕೂಡ ಹೇಳುತ್ತೇನೆ. ಮೊದಲ ಮಳೆ ಜೋರು ಬಿದ್ದು ಒಂದು ವಾರದೊಳಗೆ ತೆಗೆದ ನೀರು ಬಹಳ ಕೆಟ್ಟದಾಗಿ ಕಾಣುತ್ತದೆ, ಏಕೆಂದರೆ ನೆಲದ ಮೇಲಿದ್ದದ್ದೆಲ್ಲ ತೊಳೆದು ಬಂದಿರುತ್ತದೆ. ಒಂದು ವರ್ಷ ಮೇಯಲ್ಲಿ, ಮರುವರ್ಷ ಜೂನಿನಲ್ಲಿ ತೆಗೆದು ಎರಡನ್ನೂ ಹೋಲಿಸಿದರೆ ಪಂಚಾಯತಿನವರು ಇಲ್ಲದ ಕಾರಣ ಹುಡುಕುತ್ತಾ ಕೂರಬೇಕಾಗುತ್ತದೆ.

ಕುಂಬಳೆ ಕಡೆಯವ:

ನೀವು ಗುಡ್ಡದವರು ಬಾವಿ ಬಾವಿ ಅನ್ನುತ್ತೀರಿ. ನಾವು ಹೊಳೆಯ ಕೊನೆಯಲ್ಲಿ ಇರುವವರು. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದಲ್ಲಿ ಕೆಟ್ಟ ಹೊಳೆಗಳ 351 ಭಾಗಗಳ ಪಟ್ಟಿ ಮಾಡಿತು. ಕೇರಳದ್ದು 21. ಅದರಲ್ಲಿ ನಮ್ಮ ಉಪ್ಪಳ ಹೊಳೆ, ಮೊಗ್ರಾಲ್ ಹೊಳೆ ಎರಡೂ ಇದ್ದವು. ಐದು ವರ್ಗಗಳಲ್ಲಿ ಕಡಿಮೆ ಕೆಟ್ಟ ಐದನೇ ವರ್ಗ, ಅಂದರೆ ಬಿಒಡಿ (ನೀರಿನಲ್ಲಿರುವ ಕೊಳೆ ಕರಗಲು ಬೇಕಾಗುವ ಆಮ್ಲಜನಕ) ಲೀಟರಿಗೆ 3ರಿಂದ 6 ಮಿಲಿಗ್ರಾಂ. ಹಸಿರು ನ್ಯಾಯಪೀಠ ಪಟ್ಟಿಯಲ್ಲಿದ್ದ ಹೊಳೆಗಳಿಗೆಲ್ಲ ಕ್ರಿಯಾಯೋಜನೆ ಮಾಡಿ ಅಂತ ರಾಜ್ಯಗಳಿಗೆ ಹೇಳಿತು.

ಕ್ರಿಯಾಯೋಜನೆ ಮಾಡಬೇಕಾದರೆ ಹೊಳೆ ಎಲ್ಲಿಂದ ಎಲ್ಲಿವರೆಗೆ ಸರಿ ಇತ್ತು, ಎಲ್ಲಿ ಕೆಟ್ಟಿತು ಅಂತ ಗೊತ್ತಿರಬೇಕು ಅಲ್ವಾ? ಸೇತುವೆಯ ಹತ್ತಿರ ಒಂದು ಕಡೆ ನೀರು ತೆಗೆದರೆ ಅದು ಗೊತ್ತಾಗುವುದಿಲ್ಲ. ಪೇಟೆಯ ಚರಂಡಿಯಾ, ಕೋಳಿ ಅಂಗಡಿಯ ತ್ಯಾಜ್ಯವಾ, ಮೇಲಿನಿಂದ ಬಂದದ್ದಾ? ಪ್ರತಿ ಪಂಚಾಯತು ತನ್ನ ಗಡಿಯೊಳಗೆ ಹೊಳೆ ಬರುವಲ್ಲಿ ಒಂದು, ಹೊರಗೆ ಹೋಗುವಲ್ಲಿ ಒಂದು ಮಾದರಿ ತೆಗೆದರೆ ಸಾಕು. ಎಲ್ಲಿ ಕೆಟ್ಟಿತು ಅಂತ ಯಾರನ್ನೂ ಕೇಳಬೇಕಾಗಿಲ್ಲ.

ಉಪ್ಪುನೀರಿನ ಕಥೆ ನೆನಪು ಮಾಡುತ್ತೇನೆ. ಬಾವಿಕ್ಕೆರೆಯಲ್ಲಿ ಉಪ್ಪುನೀರು ತಡೆಯುವ ರೆಗ್ಯುಲೇಟರ್ ಆಗುವ ವರೆಗೆ, ಅಂದರೆ 2021ರ ವರೆಗೆ, ಬೇಸಗೆ ಬಂದರೆ ಸಮುದ್ರದ ನೀರು ಹೊಳೆಗೆ ಹತ್ತಿ ಕಾಸರಗೋಡು ಪೇಟೆಯ ನಲ್ಲಿಯಲ್ಲಿ ಉಪ್ಪುನೀರು. ಪ್ರತಿ ವರ್ಷ ಮರಳು ಮೂಟೆ ಇಟ್ಟು ತಾತ್ಕಾಲಿಕ ತಡೆ ಕಟ್ಟುವುದು, ಅದು ಕೊಚ್ಚಿ ಹೋಗುವುದು. ಆ ಮೂಟೆಗಳಿಗೆ ಹೋದ ಸರಕಾರಿ ದುಡ್ಡಿನ ಲೆಕ್ಕ ಯಾರಾದರೂ ಒಟ್ಟು ಮಾಡಿದರೆ ಒಳ್ಳೆಯ ಹಾಸ್ಯ ಪ್ರಸಂಗ ಆದೀತು.

ಗಡಿಯಾಚೆಯವ:

ಪಾಣಾಜೆ ಕಡೆಯವ ನಾನು, ಕರ್ನಾಟಕದ ಮತದಾರ. ಆದರೂ ನಾಲ್ಕು ಮಾತು. ಶಿರಿಯ ಹೊಳೆಯ ಜಲಾನಯನ, ಅಂದರೆ ಅದಕ್ಕೆ ನೀರು ಇಳಿದು ಬರುವ ಜಾಗ, ಸುಮಾರು 587 ಚದರ ಕಿಲೋಮೀಟರ್. ಕೇರಳದಲ್ಲಿ ಇರುವುದು 290. ಚಂದ್ರಗಿರಿಯದ್ದು 1,406, ಅದರಲ್ಲಿ 836 ನಮ್ಮ ಕಡೆ. ಪಯಸ್ವಿನಿ ಕೊಡಗಿನ ಬೆಟ್ಟದಿಂದ ಇಳಿದು ಸುಳ್ಯ ಪೇಟೆ ದಾಟಿಯೇ ನಿಮ್ಮಲ್ಲಿಗೆ ಬರುವುದು. ನೀವು ನಿಮ್ಮ ಪಂಚಾಯತಿನಲ್ಲಿ ಎಷ್ಟು ಚೆಂದ ಪ್ಲಾನ್ ಮಾಡಿದರೂ ಹೊಳೆಯ ದೊಡ್ಡ ಪಾಲು ಆ ನಕ್ಷೆಯ ಹೊರಗೇ ಇರುತ್ತದೆ.

ಎರಡು ರಾಜ್ಯ ಸೇರಿ ಸಮಿತಿ ಮಾಡಲಿ ಅಂತ ನಾನು ಹೇಳುವುದಿಲ್ಲ. ಅದು ಆಗುವಾಗ ನಮ್ಮ ಮೊಮ್ಮಕ್ಕಳಿಗೆ ಮದುವೆ ಆಗಿರುತ್ತದೆ. ನಿಮ್ಮ ಪಂಚಾಯತಿನ ದುಡ್ಡು ಗಡಿ ದಾಟಿ ಖರ್ಚಾಗುವುದಿಲ್ಲ, ನಮ್ಮದೂ ಹಾಗೆಯೇ. ಅಂಕೆಗೆ ಚೆಕ್‌ಪೋಸ್ಟ್ ಇಲ್ಲವಲ್ಲ. ಹಣಕಾಸು ಆಯೋಗದ ನೀರಿನ ಹಣ ನಮ್ಮ ಗ್ರಾಮ ಪಂಚಾಯತಿಗೂ ಬರುತ್ತದೆ, ನಿಯಮವೂ ಅದೇ. ನೀವು ಬಾಟಲಿ ತುಂಬಿಸುವ ದಿನವೇ ನಾವೂ ನಮ್ಮ ಕಡೆ ತುಂಬಿಸುತ್ತೇವೆ. ಹಾಳೆ ಒಂದೇ ನಮೂನೆಯಲ್ಲಿ ಇರಲಿ. ನಮ್ಮ ಗ್ರಾಮಸಭೆಯಲ್ಲಿ ನಾನೂ ಕೇಳುತ್ತೇನೆ.

ಪದವಿನ ಮನೆ:

ಇದು ನನಗೆ ಹೊಳೆದಿರಲಿಲ್ಲ. ಬಹಳ ಉಪಕಾರ.

ಅಡಿಕೆ ಭಾವ:

ಈಗ ನನ್ನ ಮಾತು. ತೋಡಿನ ನೀರು ಪರೀಕ್ಷೆ ಅಂದರೆ ಮುಂದೆ ಬರುವುದು ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟು. ನಾವೆಲ್ಲ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವವರು. 100 ಲೀಟರ್ ನೀರಿಗೆ 1 ಕಿಲೋ ತುತ್ತು, 1 ಕಿಲೋ ಸುಣ್ಣ. ಮಳೆಗೆ ಮೊದಲು ಒಂದು ಸಲ, 40–45 ದಿನ ಬಿಟ್ಟು ಮತ್ತೊಂದು ಸಲ. ಬಿಡದಿದ್ದರೆ ಅಡಿಕೆ ನೆಲಕ್ಕೆ. ತೋಡಿನಲ್ಲಿ ತಾಮ್ರ ಸಿಕ್ಕಿದರೆ ಪತ್ರಿಕೆಯಲ್ಲಿ ಏನು ಬರುತ್ತದೆ? ಅಡಿಕೆ ಕೃಷಿಕರು ಹೊಳೆಗೆ ವಿಷ ಹಾಕಿದರು ಅಂತ. ಎಂಡೋಸಲ್ಫಾನಿನ ಕಾಲದಲ್ಲಿ ನಮ್ಮ ಊರಿನ ತರಕಾರಿ ಬೇಡ, ಹೆಣ್ಣು ಬೇಡ ಅಂದವರನ್ನು ನಾವು ನೋಡಿದ್ದೇವೆ. ಇನ್ನೊಮ್ಮೆ ಆ ಹೆಸರು ಬೇಡ.

ಮನೆ ಬಾವಿಯದ್ದೂ ಹಾಗೆಯೇ. ಇಂಥವರ ಬಾವಿಯಲ್ಲಿ ಇ. ಕೋಲಿ ಅಂತ ಪಂಚಾಯತಿನ ಗೋಡೆಯಲ್ಲಿ ಅಂಟಿಸಿದರೆ ನಾಳೆ ಆ ಜಾಗಕ್ಕೆ ಗಿರಾಕಿ ಬರುತ್ತಾನಾ?

ಕೆಮಿಸ್ಟ್ರಿ ಮಾಷ್ಟ್ರು:

ಭಾವನ ಹೆದರಿಕೆ ಸುಮ್ನೆ ಅಲ್ಲ. ಆದರೆ ತಾಮ್ರ ನೋಡಲೇಬೇಕು ಅಂತ ನಾನು ಹೇಳುತ್ತೇನೆ. ಕುಡಿಯುವ ನೀರಿಗೆ ಲೀಟರಿಗೆ 0.05 ಮಿಲಿಗ್ರಾಂ ಸಾಕು ಅಂತ ಮಾನಕ. ಬೇರೆ ಮೂಲ ಇಲ್ಲದಿದ್ದರೆ 1.5ರ ವರೆಗೆ ನಡೆಯುತ್ತದೆ. ತಾಮ್ರ ಹೆಚ್ಚಾಗಿ ಮಣ್ಣಿಗೇ ಅಂಟಿಕೊಳ್ಳುತ್ತದೆ, ನೀರಿನಲ್ಲಿ ಕರಗಿ ಹೋಗುವುದು ಕಡಿಮೆ. ನೀರಿನಲ್ಲಿ ಇಲ್ಲ ಅಂತ ಬಂದರೆ ಅದು ಕೃಷಿಕರ ಕೈಯಲ್ಲೇ ಒಂದು ದಾಖಲೆ. ಇದೆ ಅಂತ ಬಂದರೆ ತೋಟದವರಿಗೇ ಮೊದಲು ಗೊತ್ತಾಗಬೇಕು, ಏಕೆಂದರೆ ಆ ತೋಡಿನ ನೀರನ್ನೇ ಅವರು ಕುಡಿಯುವುದು, ಅವರ ದನ ಕುಡಿಯುವುದು. ಎಂಡೋಸಲ್ಫಾನ್ ಬೇರೆಯವರು ಮೇಲಿನಿಂದ ಸುರಿದದ್ದು. ಇದು ನಮ್ಮದೇ ಕೈಯದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಬೇಡ.

ಕುಟುಂಬಶ್ರೀ ಅಕ್ಕ:

ಮನೆ ಬಾವಿಯ ಫಲಿತಾಂಶ ಆ ಮನೆಯವರಿಗೆ ಮಾತ್ರ ಕೊಡುವುದು. ಗೋಡೆಯಲ್ಲಿ ಹಾಕುವುದು ವಾರ್ಡಿನ ಮೊತ್ತ. ಹತ್ತರಲ್ಲಿ ಆರು ಬಾವಿ ಸರಿ ಇಲ್ಲ, ಅಷ್ಟೇ. ತೋಡು, ಹೊಳೆ, ಶಾಲೆ, ಅಂಗನವಾಡಿಯದ್ದು ಮಾತ್ರ ಪೂರ್ತಿ ಬಹಿರಂಗ. ಅದರಲ್ಲಿ ಗುಟ್ಟು ಎಂತದ್ದು?

ಸುರಂಗದ ನೀರು:

ಇದಕ್ಕೆ ನನ್ನ ಒಪ್ಪಿಗೆ. ಫಲಿತಾಂಶ ಕನ್ನಡದಲ್ಲೂ ಬೇಕು ಅಂತ ಸೇರಿಸಿ. ನಮ್ಮ ಮನೆಗೆ ಒಂದು ಸಲ ಬಂದ ರಿಪೋರ್ಟು ಇಂಗ್ಲಿಷಿನಲ್ಲಿತ್ತು, ಜೊತೆಗಿದ್ದ ಸೂಚನೆ ಮಲಯಾಳದಲ್ಲಿ. ಅಮ್ಮ ಅದನ್ನು ರೇಷನ್ ಕಾರ್ಡಿನ ಜೊತೆ ಜೋಪಾನ ಮಾಡಿದರು, ಓದಲಿಲ್ಲ. ಕಾಸರಗೋಡಿನ ಕನ್ನಡಿಗರು ಕಚೇರಿಯ ಜೊತೆ ಕನ್ನಡದಲ್ಲೇ ವ್ಯವಹರಿಸಬಹುದು ಅಂತ 1969ರ ಆಡಳಿತ ಭಾಷಾ ಕಾನೂನಿನಲ್ಲೇ ಇದೆ. ಕುದಿಸಿ ಕುಡಿಯಿರಿ, ಕುಡಿಯಬೇಡಿ, ಅಡ್ಡಿ ಇಲ್ಲ. ಮೂರು ಸಾಲಿನ ವಿಷಯ.

ಮಾಜಿ ಮೆಂಬರ್:

ಇಷ್ಟು ಹೊತ್ತು ಓದುತ್ತಾ ಇದ್ದೆ. ಒಳಗಿನ ಕಷ್ಟ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಗ್ರಾಮಸಭೆಯಲ್ಲಿ ಕೈ ಎತ್ತಿದರೆ ಪ್ರಾಜೆಕ್ಟ್ ಆಗುವುದಿಲ್ಲ. ಅಲ್ಲಿಂದ ವರ್ಕಿಂಗ್ ಗ್ರೂಪಿಗೆ ಹೋಗಬೇಕು, ವಿಕಸನ (ಅಭಿವೃದ್ಧಿ) ಸೆಮಿನಾರಿನಲ್ಲಿ ಉಳಿಯಬೇಕು, ಪಂಚಾಯತು ಸಮಿತಿ ಒಪ್ಪಬೇಕು, ಕೊನೆಗೆ ಜಿಲ್ಲಾ ಯೋಜನಾ ಸಮಿತಿ. ಸಾಯುವುದು ಹೆಚ್ಚಾಗಿ ವರ್ಕಿಂಗ್ ಗ್ರೂಪಿನಲ್ಲಿ. ಅಲ್ಲಿ ಮೊದಲು ಕೇಳುವುದು, ಇದರ ನಿರ್ವಹಣಾಧಿಕಾರಿ ಯಾರು? ಮೋರಿಗೆ ಎಂಜಿನಿಯರ್ ಇದ್ದಾರೆ, ಗೊಬ್ಬರಕ್ಕೆ ಕೃಷಿ ಅಧಿಕಾರಿ ಇದ್ದಾರೆ. ನೀರಿನ ಪರೀಕ್ಷೆ ಯಾರದ್ದು? ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯದ್ದು ಅಂತ ಬರೆದರೆ ಅವರಿಗೆ ಇರುವ ಕೆಲಸವೇ ಸಾಕಾಗಿದೆ. ಪಂಚಾಯತು ಸೆಕ್ರೆಟರಿ ಅಂತ ಬರೆದರೆ ಅವರು ಆಡಿಟಿಗೆ ಹೆದರುತ್ತಾರೆ. ಮೋರಿ ಕಣ್ಣಿಗೆ ಕಾಣುತ್ತದೆ, ಅಳೆಯಬಹುದು. 340 ಬಾಟಲಿ ನೀರು ಎಲ್ಲಿ ಹೋಯಿತು ಅಂತ ಆಡಿಟರ್ ಕೇಳಿದರೆ ಎಂತ ತೋರಿಸುವುದು? ನಗಬೇಡಿ, ಹೀಗೆಯೇ ನಡೆಯುವುದು.

ಇನ್ನು ಮೆಂಬರಿನ ಕಷ್ಟ. ಐದು ವರ್ಷ ಆದ ಮೇಲೆ ಮತ ಕೇಳಲು ಹೋದಾಗ ರಸ್ತೆ ತೋರಿಸಬಹುದು. ನಿಮ್ಮ ಬಾವಿಯ ಪಿಎಚ್ ನಾನೇ ನೋಡಿಸಿದ್ದು ಅಂತ ಹೇಳಿ ಗೆದ್ದವರನ್ನು ನಾನು ಕಂಡಿಲ್ಲ. ಹಾಗಾಗಿ ಇದನ್ನು ಮೆಂಬರುಗಳ ಮನಸ್ಸಿಗೆ ಬಿಟ್ಟರೆ ಆಗುವುದಿಲ್ಲ. ನಿಯಮದಲ್ಲೇ ಕಟ್ಟಿಹಾಕಬೇಕು. 1996ರಲ್ಲಿ ಜನಕೀಯಾಸೂತ್ರಣ (ಜನರೇ ಪ್ಲಾನ್ ಮಾಡುವ ಪದ್ಧತಿ) ಬಂದಮೇಲೆ ಮಹಿಳಾ ಘಟಕ ಯೋಜನೆಗೆ ನೂರಕ್ಕೆ 10 ಇಡಲೇಬೇಕು ಅಂತ ಮಾಡಿದರು. ಕಡ್ಡಾಯ ಇಲ್ಲದಿದ್ದರೆ ಯಾವ ಪಂಚಾಯತು ಇಡುತ್ತಿತ್ತು? ನೀರಿನ ಪರೀಕ್ಷೆಗೆ ನೂರಕ್ಕೆ ಅರ್ಧ ಸಾಕು. ಅದನ್ನು ನಾವು ಇಲ್ಲಿ ಕೂತು ಮಾಡಲು ಆಗುವುದಿಲ್ಲ, ತಿರುವನಂತಪುರದಲ್ಲಿ ಆಗಬೇಕು. ಆದರೆ ನಾಲ್ಕೈದು ಪಂಚಾಯತುಗಳಾದರೂ ಮೊದಲು ಮಾಡಿ ತೋರಿಸಿದರೆ ಕೇಳಲು ಬಾಯಿ ಇರುತ್ತದೆ.

ಜಲಾನಯನದ ಪ್ಲಾನಿನ ಬಗ್ಗೆಯೂ ಹೇಳುತ್ತೇನೆ. ಹಿಂದಿನ ಸಮಗ್ರ ಜಲಾನಯನ ಕಾರ್ಯಕ್ರಮ ನೆನಪಿದೆಯಲ್ಲ? ಗುಡ್ಡಗಾಡಿಗೆ ಹೆಕ್ಟೇರಿಗೆ 15,000 ರೂಪಾಯಿ. ಒಂದು ಪ್ರಾಜೆಕ್ಟು 5,000 ಹೆಕ್ಟೇರ್ ಅಂದರೆ ಏಳೂವರೆ ಕೋಟಿ. ಅದರಲ್ಲಿ ಕಾಮಗಾರಿಗೆ ನೂರಕ್ಕೆ 56, ಅಂದರೆ 4 ಕೋಟಿ 20 ಲಕ್ಷ. ಪ್ಲಾನ್ ತಯಾರಿಗೆ ನೂರಕ್ಕೆ 1, ಏಳೂವರೆ ಲಕ್ಷ. 5,000 ಹೆಕ್ಟೇರಿನ ಪ್ರತಿ ತೋಡು, ಬಾವಿ, ಗುಡ್ಡ ನಡೆದು ನೋಡಿ, ಜನರನ್ನು ಕೂರಿಸಿ ಮಾತಾಡಿ ಪ್ಲಾನ್ ಮಾಡಲು ಅಷ್ಟು ಸಾಲುತ್ತದಾ? ಎಲ್ಲೋ ಮಾಡಿದ ಪ್ಲಾನಿನ ಹೆಸರು ಬದಲಿಸಿ ತರುವವರಿಗೆ ಅನುಕೂಲ ಆಗುತ್ತದೆ.

ಪದವಿನ ಮನೆ:

ಮೆಂಬರೇ, ಹಾಗಾದರೆ ಎಲ್ಲಿಂದ ಹಿಡಿಯುವುದು?

ಮಾಜಿ ಮೆಂಬರ್:

ಬ್ಲಾಕ್ ಪಂಚಾಯತಿನಿಂದ. ಒಂದೊಂದು ಗ್ರಾಮ ಪಂಚಾಯತು ಬೇರೆ ಬೇರೆ ಮಾಡುವ ಬದಲು ಸಂಯುಕ್ತ ಪ್ರಾಜೆಕ್ಟ್ ಮಾಡಬಹುದು. ಪಂಚಾಯತುಗಳು ತಮ್ಮ ಪಾಲು ಹಾಕುತ್ತವೆ, ನಡೆಸುವುದು ಬ್ಲಾಕು. ತೊಡಕು ಎಂತ ಅಂದರೆ ಎಣ್ಮಕಜೆ, ಪುತ್ತಿಗೆ ಮಂಜೇಶ್ವರ ಬ್ಲಾಕಿನಲ್ಲಿ, ಬದಿಯಡ್ಕ, ಕುಂಬಳೆ ಕಾಸರಗೋಡು ಬ್ಲಾಕಿನಲ್ಲಿ. ಹೊಳೆಗೆ ಅದು ಗೊತ್ತಿಲ್ಲ. ಜಿಲ್ಲಾ ಪಂಚಾಯತು ನಡುವೆ ಬಂದರೆ ಆಗುತ್ತದೆ. ಇಲ್ಲವಾದರೆ ಒಂದು ಬ್ಲಾಕಿನಲ್ಲಿ ಶುರು ಮಾಡಿ.

ಸುರಂಗದ ನೀರು:

ತೋಡಿನ ಪ್ರಕಾರ ಪ್ಲಾನ್ ಅನ್ನುವುದು ನಮಗೆ ಹೊಸತಲ್ಲ. ಏತಡ್ಕದವರು ಕಟ್ಟ ಕಟ್ಟುವುದು ಹೇಗೆ? ಒಂದೇ ತೋಡಿಗೆ ಮೇಲಿಂದ ಕೆಳಗೆ ಸಾಲಾಗಿ. ಮೇಲಿನ ಕಟ್ಟದ ಹೆಚ್ಚುವರಿ ನೀರು ಕೆಳಗಿನದ್ದಕ್ಕೆ. ಎರಡೂ ಬದಿಯ ತೋಟದವರು ಸೇರಿ ಕಲ್ಲು, ಮಣ್ಣು ಹೊರುತ್ತಾರೆ. ಕಟ್ಟದಲ್ಲಿ ನೀರು ನಿಂತಷ್ಟು ಕಾಲ ಪಕ್ಕದ ಬಾವಿಯಲ್ಲೂ ನೀರು. ಅದಕ್ಕೆ ವಾರ್ಡಿನ ಗಡಿ ಅಡ್ಡ ಬಂದದ್ದುಂಟಾ?

ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಆದರೂ 2017ರ ಕೇಂದ್ರ ಅಂತರ್ಜಲ ಮಂಡಳಿಯ ಲೆಕ್ಕದಲ್ಲಿ ಕಾಸರಗೋಡು ಬ್ಲಾಕು ಗಂಭೀರ ವರ್ಗಕ್ಕೆ ಬಿತ್ತು. ಇಳಿಜಾರು ನೆಲ, ಬಿದ್ದ ನೀರು ಬೇಗ ಸಮುದ್ರಕ್ಕೆ. ಪದವಿನ ಮುರಕಲ್ಲು ಮಳೆನೀರು ಹೀರಿ, ಅಡಿಯ ಶೇಡಿಮಣ್ಣಿನ (ಜೇಡಿಮಣ್ಣಿನ) ಮೇಲೆ ನಿಧಾನ ಇಳಿಸಿ, ನಮ್ಮ ಸುರಂಗಕ್ಕೆ ಕೊಡುತ್ತಿತ್ತು. ಈಗ ಆ ಕಲ್ಲನ್ನೇ ಮಿಷನಿನಲ್ಲಿ ಕೊಯ್ದು ಲಾರಿಗೆ ತುಂಬಿಸುತ್ತೇವೆ. ಗುಡ್ಡದ ಮೇಲೆ ಕಲ್ಲಿನ ಪಣೆಗೆ ಲೈಸೆನ್ಸ್ ಕೊಡುವುದು ಒಂದು ಕಾಗದ, ಗುಡ್ಡದ ಕೆಳಗೆ ಕುಡಿಯುವ ನೀರಿಗೆ ಬೋರು ಕೊರೆಯುವುದು ಇನ್ನೊಂದು ಕಾಗದ. ಎರಡೂ ಕಾಗದ ಒಂದೇ ಮೇಜಿಗೆ ಬರಬೇಕು, ಅದಕ್ಕೇ ಜಲಾನಯನ ಪ್ಲಾನ್ ಬೇಕಾದ್ದು. ಪ್ಲಾನಿನಲ್ಲಿ ಹೊಸ ಕಟ್ಟಡ ಒಂದೂ ಇಲ್ಲದಿದ್ದರೂ ನಡೆಯುತ್ತದೆ.

ಕುಂಬಳೆ ಕಡೆಯವ:

ಇದನ್ನು ಅರ್ಜಿಯಲ್ಲಿ ಹಾಗೆಯೇ ಹಾಕಿ.

ಪದವಿನ ಮನೆ:

ಅರ್ಜಿಯ ಕರಡು ಬರೆದಿದ್ದೇನೆ, ನೋಡಿ.

“ನಮ್ಮ ಪಂಚಾಯತಿನ ಪ್ರತಿ ವಾರ್ಡಿನಲ್ಲಿ ಗೊತ್ತುಮಾಡಿದ 10 ಜಾಗಗಳ ನೀರನ್ನು ಏಪ್ರಿಲ್ ಮತ್ತು ನವೆಂಬರ್ ತಿಂಗಳಲ್ಲಿ ಪರೀಕ್ಷೆ ಮಾಡಿಸಬೇಕು. ಇ. ಕೋಲಿ, ಪಿಎಚ್, ಕಬ್ಬಿಣ, ನೈಟ್ರೇಟ್ ಎಲ್ಲ ಕಡೆ. ತೋಡುಗಳಲ್ಲಿ ತಾಮ್ರ. ತೋಡು, ಹೊಳೆ ಪಂಚಾಯತಿಗೆ ಬರುವಲ್ಲಿ ಮತ್ತು ಹೊರಗೆ ಹೋಗುವಲ್ಲಿ ಒಂದೊಂದು ಮಾದರಿ. ತರಬೇತಿ ಪಡೆದ ಕುಟುಂಬಶ್ರೀ ಸದಸ್ಯರೇ ಮಾದರಿ ತೆಗೆಯಬೇಕು, ಅವರಿಗೆ ದಿನಗೂಲಿ ಕೊಡಬೇಕು. ಮನೆ ಬಾವಿಯ ಫಲಿತಾಂಶ ಮನೆಯವರಿಗೆ, ಉಳಿದದ್ದು ಕನ್ನಡ, ಮಲಯಾಳ ಎರಡರಲ್ಲೂ ಪಂಚಾಯತಿನ ಗೋಡೆಯಲ್ಲಿ. ಒಂದು ತೋಡನ್ನು ಆರಿಸಿ ಅದರ ಎಲ್ಲ ವಾರ್ಡುಗಳ ಜನರನ್ನು ಒಟ್ಟಿಗೆ ಕೂರಿಸಿ ಪ್ಲಾನ್ ಮಾಡಬೇಕು.”

ಮಾಜಿ ಮೆಂಬರ್:

ಚೆನ್ನಾಗಿದೆ. ಎರಡು ತಿದ್ದುಪಡಿ. ಯಾವ ಹಣ ಅಂತ ಬರೆಯಿರಿ, ಹಣಕಾಸು ಆಯೋಗದ ಕುಡಿಯುವ ನೀರಿನ ಪಾಲು ಅಂತ. ಇಲ್ಲವಾದರೆ ಫಂಡ್ ಲಭ್ಯವಿಲ್ಲ ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಮತ್ತೆ ಮೂರು ವರ್ಷದ ಪ್ರಾಜೆಕ್ಟ್ ಅಂತಲೇ ಹಾಕಿ. ಒಂದು ವರ್ಷದ್ದು ಆದರೆ ಮರುವರ್ಷ ಮತ್ತೆ ಭಿಕ್ಷೆ.

ಲ್ಯಾಬ್ ಹುಡುಗಿ:

ಏಪ್ರಿಲಿನಲ್ಲಿ ವಿಷುವಿನ ವಾರ ಬಿಡಿ. ಲ್ಯಾಬಿನಲ್ಲಿ ಯಾರೂ ಇರುವುದಿಲ್ಲ.

ಕುಟುಂಬಶ್ರೀ ಅಕ್ಕ:

ಕೂಲಿ ಜೊತೆ ಗಾಡಿಯ ಬಾಡಿಗೆಯೂ ಬರೆಯಿರಿ. ನೀರಿನ ಪೆಟ್ಟಿಗೆ ಹೊತ್ತುಕೊಂಡು ಬಸ್ಸಿನಲ್ಲಿ ನಾನು ಹೋಗುವುದಿಲ್ಲ.

ಅಡಿಕೆ ಭಾವ:

ನಾನೂ ಸಹಿ ಹಾಕುತ್ತೇನೆ. ಒಂದು ಷರತ್ತು. ತಾಮ್ರಕ್ಕೆ ನನ್ನ ತೋಟದ ಕೆಳಗೆ ಮಾತ್ರ ನೀರು ತೆಗೆಯುವುದಲ್ಲ, ಮೇಲೆಯೂ ಒಂದು ಜಾಗ ಬೇಕು. ಮೇಲಿಂದ ಬಂದದ್ದಕ್ಕೆ ನಾನು ಜವಾಬು ಕೊಡುವುದಿಲ್ಲ.

ಪದವಿನ ಮನೆ:

ಆಯಿತು ಭಾವಾ. ಮೇಲಿನ ತೋಟ ನನ್ನದೇ. ಅಲ್ಲಿಯೂ ಒಂದು ಜಾಗ ಬರೆದಿದ್ದೇನೆ.